2.9 ಮೀಟರ್ ಎತ್ತರದ ಗಾಡಿಗೆ ದಾರಿ ತೋರಿಸೋರು ಯಾರು?

ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ, ಮಾಡಿಸೋರು ಹಾಸಿಗೆ ಎಷ್ಟುದ್ದ ಬೇಕು, ಸಿಂಕ್ ಎಲ್ಲಿ ಬರಬೇಕು, ಬ್ಯಾಟರಿ ಎಷ್ಟು ಆಂಪಿಯರ್ ಅವರ್ ಇರಬೇಕು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ದಾರಿಗೆ ಏನು ಮಾಡ್ತೀರಿ ಅಂತ ಕೇಳಿದರೆ ಮಾತ್ರ ‘ಫೋನ್ ಇದೆಯಲ್ಲ’ ಅನ್ನೋ ಉತ್ತರ. ಕಾರಿಗಾದರೆ ಅದು ಸರಿ. ಕಾರು ಎಲ್ಲಿ ಬೇಕಾದರೂ ನುಸುಳುತ್ತದೆ. ತಲೆ ಮೇಲೆ ಸೋಲಾರ್ ಪ್ಯಾನೆಲ್, ಹೊಟ್ಟೆಯಲ್ಲಿ ನೂರು ಲೀಟರ್ ನೀರು ಹೊತ್ತ ಆರು ಮೀಟರ್ ಉದ್ದದ ಗಾಡಿ ನುಸುಳೋದಿಲ್ಲ. ಅದಕ್ಕೆ ದಾರಿ ತೋರಿಸೋಕೆ ನಾವು ಪುಣೆಯಲ್ಲಿ ಕೂತು ಏನೇನು ಹುಡುಕಿದೆವು, ಯಾವುದನ್ನು ಇಟ್ಟುಕೊಂಡೆವು, ಯಾವುದನ್ನು ಬಿಟ್ಟೆವು ಅಂತ ಬರೆಯುತ್ತಿದ್ದೇನೆ. ಕೇಳುವ ಗೆಳೆಯರು ಜಾಸ್ತಿ ಆಗಿದ್ದಾರೆ, ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ.

ನಮ್ಮದು ಸೆಕೆಂಡ್ ಹ್ಯಾಂಡ್ ಫೋರ್ಸ್ ಟ್ರಾವೆಲರ್. ಅದನ್ನು ತಯಾರಿಸುವ ಕಂಪನಿಯ ಮುಖ್ಯ ಕಚೇರಿ ಇರೋದೇ ನಮ್ಮೂರಿನ ಆಕುರ್ಡಿಯಲ್ಲಿ, ಹಾಗಾಗಿ ಬಿಡಿಭಾಗಕ್ಕೂ ಮೆಕ್ಯಾನಿಕ್‌ಗೂ ಪರದಾಟ ಇಲ್ಲ. ಒಳಗಿನ ಕೆಲಸ ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಆಯಿತು. ಗಾಡಿ ಬದಲಾಯಿಸಿದ್ದನ್ನು ಆರ್‌ಸಿಯಲ್ಲಿ ಬರೆಸೋದು, ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಇವೆಲ್ಲ ದೊಡ್ಡ ಕಥೆ. ಇನ್ನೊಮ್ಮೆ ಹೇಳುತ್ತೇನೆ.

ಮ್ಯಾಪಿನ ಚಿಂತೆ ಮೊದಲು ಶುರುವಾಗಿದ್ದು ನನ್ನ ಹೆಂಡತಿಯಿಂದ. ಗಾಡಿ ಮನೆಗೆ ಬಂದ ದಿನವೇ ಅವಳು ಹೇಳಿಬಿಟ್ಟಳು: "ನೋಡ್ರೀ, ನಾನು ಕೆಳಗಿಳಿದು ಹಿಂದೆ ನಿಂತು ‘ಬರಲಿ ಬರಲಿ’ ಅನ್ನೋ ಕ್ಲೀನರ್ ಕೆಲಸ ಮಾಡೋಳಲ್ಲ. ಎಲ್ಲಿ ಹಿಡಿಸುತ್ತೆ, ಎಲ್ಲಿ ಹಿಡಿಸಲ್ಲ ಅಂತ ಮನೇಲೇ ನೋಡ್ಕೊಂಡು ಹೊರಡಿ."

ನೋಡಬೇಕು ಅಂದರೆ ಮೊದಲು ಗಾಡಿಯ ಅಳತೆ ಗೊತ್ತಿರಬೇಕು. ಕಂಪನಿ ಕೊಡುವ ಕಾಗದದಲ್ಲಿರೋದು ಬರೀ ಗಾಡಿಯ ಎತ್ತರ. ಮೇಲೆ ಕೂರಿಸಿದ ಪ್ಯಾನೆಲ್ಲು, ವೆಂಟ್ ಫ್ಯಾನು ಅದರಲ್ಲಿ ಇಲ್ಲ. ಸೊಸೈಟಿಯ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಏಣಿ ಹತ್ತಿ, ಎಲ್ಲಕ್ಕಿಂತ ಎತ್ತರದಲ್ಲಿದ್ದ ಫ್ಯಾನಿನ ಮುಚ್ಚಳದ ಮೇಲೆ ಒಂದು ಅಲ್ಯೂಮಿನಿಯಂ ಪಟ್ಟಿ ಅಡ್ಡ ಇಟ್ಟೆ. ಪಟ್ಟಿಯ ತುದಿಯಿಂದ ನೆಲಕ್ಕೆ ಟೇಪ್ ಬಿಟ್ಟೆವು. ನೀರಿನ ಟ್ಯಾಂಕ್ ಖಾಲಿ ಇತ್ತು, ಟೈರಿಗೆ ಪೂರ್ತಿ ಗಾಳಿ ಹಾಕಿಸಿದ್ದೆ. ಬೇಕಂತಲೇ ಹಾಗೆ. ಖಾಲಿ ಗಾಡಿ ಸ್ಪ್ರಿಂಗ್ ಮೇಲೆ ಒಂದಿಷ್ಟು ಎತ್ತರ ನಿಲ್ಲುತ್ತದೆ, ನಮಗೆ ಬೇಕಾದದ್ದು ಆ ಜಾಸ್ತಿ ಎತ್ತರವೇ. 2.84 ಮೀಟರ್ ಬಂತು. ಕಾಗದದ ಮೇಲೆ 2.9 ಅಂತ ಬರೆದೆ. ಅಡಿ ಲೆಕ್ಕದಲ್ಲಿ ಒಂಬತ್ತೂವರೆ. ಅಗಲ ಕನ್ನಡಿಯಿಂದ ಕನ್ನಡಿಗೆ 2.4 ಮೀಟರ್. ತೂಕಕ್ಕೆ ನೀರು, ಗ್ಯಾಸು, ಪಾತ್ರೆ, ಬಟ್ಟೆ ಎಲ್ಲ ತುಂಬಿಸಿಕೊಂಡು ಹೈವೇ ಪಕ್ಕದ ವಜನ್ ಕಾಟಾಕ್ಕೆ ಹೋಗಿ ನಿಲ್ಲಿಸಿದೆ. ಸ್ಟೀಲು, ಸಿಮೆಂಟು ತೂಗುವ ಹುಡುಗ ಒಳಗೆ ಇಣುಕಿ ಮಂಚ ನೋಡಿ ನಕ್ಕ. ಎತ್ತರ, ಅಗಲ, ತೂಕ ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿದೆವು. ನಮ್ಮ ರಸ್ತೆಗಳಲ್ಲಿ ಎತ್ತರದ ಬೋರ್ಡು ಮೀಟರಿನಲ್ಲಿ ಇರುತ್ತದೆ, ಜನ ಮಾತ್ರ ಅಡಿಯಲ್ಲಿ ಹೇಳುತ್ತಾರೆ. ಎರಡೂ ಕಣ್ಣೆದುರಿಗೆ ಇರಲಿ.

ಅಷ್ಟರಲ್ಲಿ ಅಮೆರಿಕದಲ್ಲಿರುವ ಭಾವ ಫೋನ್ ಮಾಡಿದರು. ಅಕ್ಕ-ಭಾವ ಇರೋದು ನಾರ್ತ್ ಕೆರೊಲಿನಾದಲ್ಲಿ, ರಜೆ ಬಂದರೆ ಬಾಡಿಗೆ ಆರ್‌ವಿ (ಅಲ್ಲಿ ಕ್ಯಾಂಪರ್ ಗಾಡಿಗೆ ಹಾಗೆ ಅನ್ನುತ್ತಾರೆ) ತಗೊಂಡು ತಿರುಗುತ್ತಾರೆ. "ಇದಕ್ಕೆಲ್ಲ ಯಾಕೆ ಒದ್ದಾಡ್ತೀಯಾ, ಆರ್‌ವಿಗೇ ಅಂತ ಗಾರ್ಮಿನ್ ಜಿಪಿಎಸ್ ಸಿಗುತ್ತೆ, ಬರುವಾಗ ತರ್ತೀನಿ" ಅಂದರು. ಆ ಡಬ್ಬಿಯ ಕೆಲಸ ಕೇಳಿದರೆ ಹೊಟ್ಟೆ ಉರಿಯುತ್ತದೆ. ಗಾಡಿಯ ಎತ್ತರ, ಅಗಲ, ಉದ್ದ, ತೂಕ ಒಂದು ಸಲ ಹಾಕಿದರೆ ಸಾಕು, ತಗ್ಗು ಸೇತುವೆ ಇರುವ ದಾರಿಯನ್ನು ಅದೇ ತಪ್ಪಿಸುತ್ತದೆ. ಗ್ಯಾಸ್ ಸಿಲಿಂಡರ್ ಇದ್ದರೆ ಅದನ್ನೂ ಹೇಳಬಹುದು, ಯಾಕಂದರೆ ಬಾಲ್ಟಿಮೋರಿನಂಥ ಕಡೆ ಸುರಂಗಗಳಲ್ಲಿ ಪ್ರೊಪೇನ್ ಒಯ್ಯೋದಕ್ಕೆ ನಿರ್ಬಂಧ ಇದೆ. ರಾತ್ರಿ ತಂಗುವ ಕ್ಯಾಂಪ್‌ಗ್ರೌಂಡು, ಕೊಳೆ ನೀರು ಖಾಲಿ ಮಾಡುವ ಜಾಗ, ಎಲ್ಲ ಅದರಲ್ಲೇ.

ಅಲ್ಲಿ ಅದು ಯಾಕೆ ಬೇಕು ಅಂತಲೂ ಭಾವನೇ ತೋರಿಸಿದರು. ಅವರ ರಾಜ್ಯದ ಡರ್ಹಮ್ ಊರಿನಲ್ಲಿ ಒಂದು ರೈಲ್ವೆ ಸೇತುವೆ ಇದೆ. 11 ಅಡಿ 8 ಇಂಚು ಎತ್ತರ. ಬಾಡಿಗೆ ಟ್ರಕ್ಕು, ಆರ್‌ವಿಗಳು ಅದಕ್ಕೆ ಗುದ್ದಿ ತಲೆ ಕೆತ್ತಿಸಿಕೊಳ್ಳುವ ವಿಡಿಯೊಗಳು ಜಗತ್ಪ್ರಸಿದ್ಧ. 2019ರಲ್ಲಿ ಸೇತುವೆಯನ್ನು ಎಂಟು ಇಂಚು ಎತ್ತಿ 12 ಅಡಿ 4 ಇಂಚು ಮಾಡಿದರು. ಆಮೇಲೂ ಗುದ್ದೋರು ಗುದ್ದುತ್ತಲೇ ಇದ್ದಾರೆ.

ಆದರೆ ಆ ಡಬ್ಬಿಯನ್ನು ಪುಣೆಗೆ ತಂದು ಏನು ಮಾಡೋದು? ಅದರ ಜಾಣತನ ಇರೋದು ಒಳಗಿನ ನಕ್ಷೆಯಲ್ಲಿ, ಮತ್ತು ಅಲ್ಲಿ ಸಿಗುವ ಡಬ್ಬಿಯಲ್ಲಿರೋದು ಉತ್ತರ ಅಮೆರಿಕದ ನಕ್ಷೆ. ಭಾವನಿಗೆ ಬೇಡ ಅಂದೆ, ಬದಲಿಗೆ ಒಳ್ಳೆ ಫೋನ್ ಮೌಂಟ್ ತನ್ನಿ ಅಂದೆ. ತಂದರು. ಅದು ಈಗಲೂ ಗಟ್ಟಿಯಾಗಿದೆ.

ಇನ್ನು ನಮ್ಮಲ್ಲಿ ಸಿಗೋದು. ಗೂಗಲ್ ಮ್ಯಾಪ್ಸ್ ಎಲ್ಲರಿಗೂ ಗೊತ್ತು. ಟ್ರಾಫಿಕ್ ವಿಷಯದಲ್ಲಿ ಅದಕ್ಕೆ ಸಾಟಿ ಇಲ್ಲ. ಕನ್ನಡದಲ್ಲೂ ದಾರಿ ಹೇಳುತ್ತದೆ. ಗಾಡಿ ಪೆಟ್ರೋಲೋ ಡೀಸೆಲ್ಲೋ ಅಂತ ಕೇಳುತ್ತದೆ. ಎಷ್ಟು ಎತ್ತರ ಅಂತ ಮಾತ್ರ ಕೇಳೋದಿಲ್ಲ. ನೀವು ಕಾರು, ಇಲ್ಲಾ ಬೈಕು. ಮೂರನೇ ಜಾತಿ ಇಲ್ಲ. 2024ರಲ್ಲಿ ಕಾರಿನವರಿಗೆ ಇಕ್ಕಟ್ಟಾದ ರಸ್ತೆ ತಪ್ಪಿಸುವ ಸೌಲಭ್ಯ ತಂದರು. ಮೊದಲ ಎಂಟು ನಗರಗಳಲ್ಲಿ ಬೆಂಗಳೂರು ಇತ್ತು, ಪುಣೆ, ಮುಂಬೈ ಇರಲಿಲ್ಲ. ಟೋಲ್ ಎಷ್ಟಾಗುತ್ತೆ ಅಂತಲೂ ಅದು ತೋರಿಸುತ್ತದೆ, ಆದರೆ ಅದು ಕಾರಿನ ಲೆಕ್ಕ. ನಿಮ್ಮ ಗಾಡಿಯ ಫಾಸ್ಟ್ಯಾಗ್ ಮಿನಿಬಸ್ ವರ್ಗದ್ದಾಗಿದ್ದರೆ ಆ ಮೊತ್ತ ನೋಡಿ ಬಜೆಟ್ ಹಾಕಬೇಡಿ.

ಎರಡನೆಯದು ಮ್ಯಾಪಲ್ಸ್. 1995ರಿಂದ ಭಾರತದ ನಕ್ಷೆ ಮಾಡುತ್ತಿರುವ ಮ್ಯಾಪ್‌ಮೈಇಂಡಿಯಾದ ಆ್ಯಪ್. ಇದನ್ನು ನಾನು ಇಟ್ಟುಕೊಂಡಿದ್ದು ಎರಡು ಕಾರಣಕ್ಕೆ. ದೊಡ್ಡ ಜಂಕ್ಷನ್ ಬಂದಾಗ ಯಾವ ಲೇನ್ ಹಿಡಿಯಬೇಕು, ಫ್ಲೈಓವರ್ ಹತ್ತಬೇಕೋ ಕೆಳಗೆ ಉಳಿಯಬೇಕೋ ಅಂತ ಚಿತ್ರ ಬಿಡಿಸಿ ತೋರಿಸುತ್ತದೆ. ಜಿಪಿಎಸ್‌ಗೆ ನೀವು ಫ್ಲೈಓವರ್ ಮೇಲಿದ್ದೀರೋ ಅದರ ಕೆಳಗಿದ್ದೀರೋ ಅಂತ ಗುರುತಿಸೋದು ಕಷ್ಟ, ಮೇಲಿಂದ ನೋಡಿದರೆ ಎರಡೂ ಒಂದೇ ಜಾಗ. ಪುಣೆಯ ಚಾಂದನಿ ಚೌಕದಲ್ಲಿ ಒಂದು ರ‍್ಯಾಂಪ್ ತಪ್ಪಿತು ಅಂದರೆ ಮುಳ್‌ಶಿಗೆ ಹೊರಟವರು ಸಾತಾರಾ ಕಡೆ ಮುಖ ಮಾಡಿರುತ್ತೀರಿ. 2022ರ ಅಕ್ಟೋಬರಿನಲ್ಲಿ ಅಲ್ಲಿನ ಹಳೇ ಸೇತುವೆಯನ್ನು ಸ್ಫೋಟಿಸಿ ಕೆಡವಿದರು, ಮರುವರ್ಷ ಹೊಸ ಫ್ಲೈಓವರ್ ತೆರೆದರು. ನಡುವಿನ ಆ ತಿಂಗಳುಗಳಲ್ಲಿ ಯಾವ ಮ್ಯಾಪ್ ನಂಬಬೇಕು ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ಕಾರಣ ಸ್ಪೀಡ್ ಬ್ರೇಕರ್. ಬರೋದಕ್ಕೆ ಮುಂಚೆ ಮ್ಯಾಪಲ್ಸ್ ಎಚ್ಚರಿಸುತ್ತದೆ. ಕಾರಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಹಿಂದೆ ಕಪಾಟಿನಲ್ಲಿ ಕುಕ್ಕರು, ತಟ್ಟೆ, ಗಾಜಿನ ಉಪ್ಪಿನಕಾಯಿ ಭರಣಿ ಇಟ್ಟುಕೊಂಡವರಿಗೆ ಅದರ ಬೆಲೆ ಗೊತ್ತು.

ಮೂರನೆಯದೇ ನನಗೆ ಮೆಚ್ಚುಗೆಯಾದದ್ದು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ 2004ರಲ್ಲಿ ಶುರುವಾದ, ಜನರೇ ಕೂಡಿ ಬರೆಯುವ ಜಗತ್ತಿನ ನಕ್ಷೆ ಇದೆ. ಆ ನಕ್ಷೆಯ ಮೇಲೆ ನಡೆಯುವ ಆ್ಯಪ್‌ಗಳಲ್ಲಿ ಆರ್ಗ್ಯಾನಿಕ್ ಮ್ಯಾಪ್ಸ್ ತುಂಬ ಸರಳ. ಓಎಸ್‌ಎಂ-ಆ್ಯಂಡ್ ತುಂಬ ಗೋಜಲು, ಆದರೆ ಅದರಲ್ಲಿ ಗಾಡಿಯ ಎತ್ತರ, ಅಗಲ, ತೂಕ ಹಾಕಬಹುದು. ನಕ್ಷೆ ಪೂರ್ತಿ ಫೋನಿಗೇ ಇಳಿಯುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೂ ದಾರಿ ಹುಡುಕುತ್ತದೆ. ಜಿಪಿಎಸ್‌ಗೆ ಹೇಗೂ ಇಂಟರ್‌ನೆಟ್ ಬೇಡ. ಫೋನು ಆಕಾಶದ ಸಂಕೇತ ಹಿಡಿದರೆ ಆಯಿತು. ಇಂಟರ್‌ನೆಟ್ ಬೇಕಾಗೋದು ನಕ್ಷೆಗೆ ಮತ್ತು ಟ್ರಾಫಿಕ್‌ಗೆ.

ಎತ್ತರ 2.9 ಅಂತ ತುಂಬಿಸಿದೆ. ಈಗ ಇದನ್ನು ಎಷ್ಟು ನಂಬಬಹುದು? ಅದಕ್ಕೊಂದು ಉಪಾಯ ಹೊಳೆಯಿತು. ಆ್ಯಪ್‌ಗೆ ನನ್ನ ಗಾಡಿ ಐದು ಮೀಟರ್ ಎತ್ತರ ಅಂತ ಸುಳ್ಳು ಹೇಳಿದೆ. ನಮ್ಮ ಸುತ್ತಮುತ್ತ ನನಗೆ ಚೆನ್ನಾಗಿ ಗೊತ್ತಿರುವ, ಲಾರಿಗಳು ಹೆದರುವ ರೈಲ್ವೆ ಅಂಡರ್‌ಪಾಸ್‌ಗಳ ಆಚೆ-ಈಚೆ ಎರಡು ಗುರುತು ಹಾಕಿ ದಾರಿ ಕೇಳುತ್ತಾ ಹೋದೆ. ಸುತ್ತಿಬಳಸಿ ಹೋಗು ಅಂದರೆ ಆ ಅಂಡರ್‌ಪಾಸಿನ ಎತ್ತರ ನಕ್ಷೆಯಲ್ಲಿ ಇದೆ ಅಂತ ಅರ್ಥ. ನೇರ ಹೋಗು ಅಂದರೆ ಅದರ ಎತ್ತರವನ್ನು ಯಾರೂ ಬರೆದಿಲ್ಲ. ಚಹಾ ಆರಿ ಹೋಗುವವರೆಗೆ ಈ ಆಟ ನಡೆಯಿತು. ಬಹುಪಾಲು ಕಡೆ ಆರಾಮಾಗಿ ನೇರ ಹೋಗು ಅಂದಿತು. ಐದು ಮೀಟರ್ ಗಾಡಿಗೆ!

ಅಂದರೆ ಆ್ಯಪ್‌ಗೆ ಕೇಳೋಕೆ ಬರುತ್ತದೆ, ಆದರೆ ಉತ್ತರ ಇರಬೇಕಾದ ಪುಸ್ತಕದಲ್ಲಿ ಹಾಳೆಗಳು ಖಾಲಿ. ಒಳ್ಳೆಯದೇನು ಅಂದರೆ ಆ ಹಾಳೆಯನ್ನು ನಾವೇ ತುಂಬಬಹುದು. ಸ್ಟ್ರೀಟ್‌ಕಂಪ್ಲೀಟ್ ಅಂತ ಇನ್ನೊಂದು ಆ್ಯಪ್ ಇದೆ. ಅದನ್ನು ತೆಗೆದು ರಸ್ತೆಯಲ್ಲಿ ನಡೆದರೆ ಅದೇ ಪ್ರಶ್ನೆ ಕೇಳುತ್ತದೆ, ಈ ಸೇತುವೆ ಕೆಳಗೆ ಎತ್ತರದ ಬೋರ್ಡ್ ಇದೆಯಾ, ಎಷ್ಟು ಬರೆದಿದೆ ಅಂತ. ಬೆಳಗಿನ ವಾಕಿಂಗ್ ದಾರಿ ಬದಲಾಯಿಸಿಕೊಂಡು ಅಂಡರ್‌ಪಾಸ್‌ಗಳ ಕಡೆ ನಡೆದೆ. ಕೆಂಪು ವೃತ್ತದ ಬೋರ್ಡಿನಲ್ಲಿರುವ ಅಂಕಿ ನೋಡಿ ತುಂಬಿಸೋದು, ಅಷ್ಟೇ. ಕೆಲವು ಬೋರ್ಡಿನ ಮೇಲೆ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಕಟ್ಟಿದ್ದರು. ಪುಣೆಯಲ್ಲವಾ, ಯಾರಾದರೊಬ್ಬ ‘ಭಾವೂ’ನ, ಅಂದರೆ ಗಲ್ಲಿ ಲೀಡರನ, ಹುಟ್ಟುಹಬ್ಬ ಇದ್ದೇ ಇರುತ್ತದೆ. ನಾನು ತುಂಬಿಸಿದ ಅಂಕಿಗಳು ಮುಂದಿನ ನಕ್ಷೆ ಅಪ್‌ಡೇಟ್‌ನಲ್ಲಿ ಬಂದವು. ಮತ್ತೆ ಐದು ಮೀಟರ್ ಸುಳ್ಳು ಹೇಳಿದೆ. ಈ ಸಲ ಸುತ್ತು ಹೊಡೆಸಿತು. ಖುಷಿಯಾಯಿತು.

ಆದರೂ ಇಡೀ ಮಹಾರಾಷ್ಟ್ರದ ಸೇತುವೆಗಳನ್ನು ನಾನೊಬ್ಬ ಅಳೆಯೋಕಾಗುತ್ತದಾ? ಅದಕ್ಕೂ ಮಿಗಿಲಾಗಿ, ನಮ್ಮ ಕಡೆ ಗಾಡಿ ತಡೆಯೋದು ದೊಡ್ಡ ಸೇತುವೆಗಳಲ್ಲ. ಡಂಪರ್ ಬರಬಾರದು ಅಂತ ಹಳ್ಳಿ ರಸ್ತೆಗೆ ಹಾಕಿದ ಕಬ್ಬಿಣದ ಕಮಾನು, ಪಾರ್ಕಿಂಗ್ ಬಾಗಿಲಿನ ಅಡ್ಡಪಟ್ಟಿ, ಜೋತು ಬಿದ್ದ ಕೇಬಲ್, ರಸ್ತೆಗೆ ಬಾಗಿದ ಹಲಸಿನ ಕೊಂಬೆ. ಇವು ಯಾವ ನಕ್ಷೆಯಲ್ಲಿ ಬರುತ್ತವೆ?

ಈ ಗಂಟು ಬಿಡಿಸಿದವರು ನಮ್ಮ ಸೊಸೈಟಿಯ ಹತ್ತಿರ ರಾತ್ರಿ ಹೊತ್ತು ಬಸ್ ನಿಲ್ಲಿಸುವ ಒಬ್ಬ ಕಾಕಾ. ವಿಜಯಪುರದ ಕಡೆಯವರು, ಖಾಸಗಿ ಬಸ್ ಓಡಿಸುತ್ತಾರೆ, ಪುಣೆಗೆ ಬಂದು ತಲೆ ಬೆಳ್ಳಗಾಗಿದೆ. ನಾನು ಎರಡು ಫೋನ್ ಇಟ್ಟುಕೊಂಡು ಒದ್ದಾಡೋದನ್ನು ನೋಡಿ ಹತ್ತಿರ ಬಂದು ಕೂತರು.

"ತಮ್ಮಾ, ಆ ಫೋನ್ ಬಾಜೂಕ ಇಡು. ಆ ದಾರ್ಯಾಗ ಎಸ್‌ಟಿ ಹೋಗತೈತೇನು, ಅಷ್ಟು ಕೇಳು. ಎಸ್‌ಟಿ ಹೋಗತೈತಿ ಅಂದ್ರ ನಿನ್ನ ಗಾಡಿನೂ ಹೋಗತೈತಿ. ಬರೇ ಹಾಲಿನ ಟೆಂಪೋ ಹೋಗತೈತಿ ಅಂದ್ರ ಇಳದು ನೋಡು. ಬರೇ ಮೋಟರ್ ಸೈಕಲ್ ಹೋಗತಾವ ಅಂದ್ರ ಹೊಳ್ಳಿ ಬಾ."

ಎಷ್ಟು ಸರಿ ಮಾತು! ಎಸ್‌ಟಿಯ ಕೆಂಪು ಬಸ್ಸು, ಅಂದರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸು, ಇಲ್ಲಿನವರ ಲಾಲ್ ಪರಿ, ನಮ್ಮ ಗಾಡಿಗಿಂತ ಎತ್ತರ, ಅಗಲ, ಉದ್ದ ಎಲ್ಲದರಲ್ಲೂ ದೊಡ್ಡದು. ಅದು ದಿನಾ ಹೋಗುವ ರಸ್ತೆಯಲ್ಲಿ ಕೊಂಬೆ ತಾನಾಗೇ ಮುರಿದಿರುತ್ತದೆ, ಕೇಬಲ್ ಮೇಲೆ ಕಟ್ಟಿರುತ್ತಾರೆ, ತಿರುವಿನಲ್ಲಿ ಎದುರಿಗೆ ಬಂದವರಿಗೆ ಸರಿಯೋಕೆ ಜಾಗ ಇರುತ್ತದೆ. ಗೋವಾದಲ್ಲಿ ಕದಂಬ ಬಸ್ಸು, ಬೆಳಗಾವಿ ಕಡೆ ನಮ್ಮ ವಾಯವ್ಯ ಸಾರಿಗೆ ಬಸ್ಸು. ಅವತ್ತಿನಿಂದ ನನ್ನ ಕೆಲಸದ ಕ್ರಮ ಬದಲಾಯಿತು. ಮೊದಲು ಮ್ಯಾಪಿನಲ್ಲಿ ದಾರಿ ಹಾಕೋದು. ಆಮೇಲೆ ಆ ದಾರಿಯುದ್ದಕ್ಕೂ ಬಸ್ ಸ್ಟಾಪಿನ ಗುರುತು ಇದೆಯಾ ನೋಡೋದು. ರಸ್ತೆಯ ಫೋಟೊ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಇರುವ ಕಡೆ ಅದನ್ನೂ ತೆಗೆದು ನೋಡೋದು. 2022ರಲ್ಲಿ ಅದು ಭಾರತಕ್ಕೆ ಬಂದಾಗ ಮೊದಲ ಹತ್ತು ಊರುಗಳಲ್ಲಿ ಪುಣೆ, ಮುಂಬೈ ಎರಡೂ ಇದ್ದವು. ಅದೂ ಇಲ್ಲದ ಕಡೆ ಸ್ಯಾಟಲೈಟ್ ಚಿತ್ರ. ಕೊನೆಗೂ ಅನುಮಾನ ಉಳಿದರೆ ಹತ್ತಿರದ ಡಿಪೋಗೆ ಫೋನ್. "ಆ ಊರಿಗೆ ಎಸ್‌ಟಿ ಇದೆಯಾ" ಅಂತ ಮರಾಠಿಯಲ್ಲಿ ಕೇಳಿದರೆ ಬಸ್ಸಿನ ಟೈಮು ಸಮೇತ ಹೇಳುತ್ತಾರೆ.

ಮೊದಲ ದೊಡ್ಡ ಓಡಾಟ ಮುಂಬೈಗೆ. ಮಾಟುಂಗಾದಲ್ಲಿ ಚಿಕ್ಕಪ್ಪನ ಮನೆ, ಅವರಿಗೆ ಗಾಡಿ ತೋರಿಸಬೇಕಿತ್ತು. ಎಕ್ಸ್‌ಪ್ರೆಸ್‌ವೇ ಬಗ್ಗೆ ಹೇಳೋದೇನಿಲ್ಲ, ಆರು ಲೇನು, ಎತ್ತರದ ಚಿಂತೆ ಇಲ್ಲ. 1830ರಲ್ಲಿ ಕಟ್ಟಿದ ಅಮೃತಾಂಜನ್ ಸೇತುವೆ ಖಂಡಾಲ ಘಾಟಿನಲ್ಲಿ ರಸ್ತೆಗೆ ಅಡ್ಡ ನಿಂತು ಟ್ರಾಫಿಕ್ ಹಿಡಿಯುತ್ತಿತ್ತು, 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ನಡುವೆ ಅದನ್ನೂ ಕೆಡವಿದ್ದಾರೆ. ಸುರಂಗದೊಳಗೆ ಹೊಕ್ಕಾಗ ಮ್ಯಾಪಿನ ಬಾಣ ಗೊಂದಲ ಆಗುತ್ತದೆ, ಹೊರಗೆ ಬಂದ ಕೂಡಲೇ ಸರಿಯಾಗುತ್ತದೆ, ಗಾಬರಿ ಬೇಡ. ಮುಂಬೈ ಒಳಗೆ ಮಾತ್ರ ಹುಷಾರಾಗಿರಬೇಕು. ಸಯನ್ ದಾಟಿ ಮಾಟುಂಗಾಕ್ಕೆ ಬರುವಾಗ ಕಿಂಗ್ಸ್ ಸರ್ಕಲ್ ರೈಲ್ವೆ ಸೇತುವೆ ಸಿಗುತ್ತದೆ. ಎತ್ತರದ ಟ್ರಕ್ಕುಗಳು ಅದಕ್ಕೆ ಸಿಕ್ಕಿಹಾಕಿಕೊಳ್ಳೋದು ಮುಂಬೈಯವರಿಗೆ ಮಾಮೂಲಿ ಸುದ್ದಿ. ಮುಂಬೈ ಸಿಟಿ ಬಸ್ಸು, ಅಂದರೆ ‘ಬೆಸ್ಟ್’, ಅದರ ಕೆಳಗೇ ಓಡಾಡುತ್ತದೆ, ಹಾಗಾಗಿ ನಮಗೆ ತೊಂದರೆ ಇಲ್ಲ ಅಂತ ಗೊತ್ತಿತ್ತು. ಆದರೂ ಕೆಳಗೆ ಹೋಗುವಾಗ ಇಬ್ಬರೂ ತಲೆ ಬಗ್ಗಿಸಿದೆವು. ಮಾಟುಂಗಾದಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕಿದ್ದರ ಬಗ್ಗೆ ಬರೆದು ನಿಮ್ಮ ಸಮಯ ಹಾಳು ಮಾಡೋದಿಲ್ಲ. ಅದಕ್ಕೆ ಯಾವ ಆ್ಯಪೂ ಇಲ್ಲ.

ಗೋವಾ ದಾರಿ ಆಯ್ಕೆ ಮಾಡೋದರಲ್ಲೇ ನಿಜವಾದ ಕೆಲಸ ಇದ್ದದ್ದು. ಪುಣೆಯಿಂದ ಸಹ್ಯಾದ್ರಿ ಇಳಿಯೋಕೆ ಎಷ್ಟು ಘಾಟ್! ತಾಮ್ಹಿಣಿ, ವರಂಧಾ, ಕುಂಭಾರ್ಲಿ, ಆಂಬಾ, ಕರೂಳ್, ಫೋಂಡಾ, ಆಂಬೋಲಿ, ಬೆಳಗಾವಿಗೆ ಹೋದರೆ ಚೋರ್ಲಾ. ಫೋನಿನ ಮ್ಯಾಪ್ ಇವುಗಳಲ್ಲಿ ಆ ಹೊತ್ತಿಗೆ ಯಾವುದು ಹತ್ತು ನಿಮಿಷ ಬೇಗವೋ ಅದನ್ನು ಆರಿಸುತ್ತದೆ. ನಾಲ್ಕು ಟನ್ ಗಾಡಿಗೆ ಹತ್ತು ನಿಮಿಷ ಲೆಕ್ಕಕ್ಕಿಲ್ಲ. ಇಳಿಜಾರು ಎಷ್ಟು ಕಡಿದು, ಹೇರ್‌ಪಿನ್ ತಿರುವು ಎಷ್ಟು, ಬ್ರೇಕ್ ಕಾಯ್ದರೆ ಪಕ್ಕಕ್ಕೆ ನಿಲ್ಲಿಸೋಕೆ ಜಾಗ ಇದೆಯಾ ಅನ್ನೋದು ಲೆಕ್ಕ. ಓಎಸ್‌ಎಂ-ಆ್ಯಂಡ್‌ನಲ್ಲಿ ದಾರಿ ಹಾಕಿದರೆ ಏರಿಳಿತದ ಗೆರೆಯೊಂದು ಕೆಳಗೆ ಬರುತ್ತದೆ. ಒಂದೊಂದು ಘಾಟನ್ನೂ ಹಾಗೆ ಹಾಕಿ ಪಕ್ಕಪಕ್ಕ ನೋಡಿದೆ. ಗೆರೆ ಎಲ್ಲಿ ಗೋಡೆ ಇಳಿದ ಹಾಗೆ ಬೀಳುತ್ತದೋ ಆ ಘಾಟ್ ಬಿಟ್ಟೆ.

ಮಳೆಗಾಲದ ವಿಷಯ ಮರೆಯೋ ಹಾಗಿಲ್ಲ. ವರಂಧಾ ಘಾಟಿನಲ್ಲಿ ಮಳೆಗಾಲದಲ್ಲಿ ವಾಹನ ಬಿಡಬಾರದು ಅಂತ ಜಿಲ್ಲಾಧಿಕಾರಿಗಳ ಆದೇಶ ಹೊರಡುತ್ತದೆ. 2024ರಲ್ಲಿ ಕರೂಳ್ ಘಾಟನ್ನು ಕಾಂಕ್ರೀಟ್ ಕೆಲಸಕ್ಕೆ ಮುಚ್ಚಿದ್ದರು. ಇಂಥ ಆದೇಶ ಮರಾಠಿ ಪೇಪರಿನಲ್ಲಿ ಮೊದಲು ಬರುತ್ತದೆ, ಮ್ಯಾಪಿಗೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. 2021ರ ಜನವರಿಯಲ್ಲಿ ಪುಣೆಯಿಂದ ಕಳಸೂಬಾಯಿ ಕಡೆ ಟ್ರೆಕ್‌ಗೆ ಹೊರಟಿದ್ದವರ ಕಾರು ಅಕೋಲೆ ಹತ್ತಿರ ಮುಳುಗಿದ್ದ ಸೇತುವೆಗೆ ಕತ್ತಲಲ್ಲಿ ಇಳಿದುಬಿಟ್ಟಿತು. ಡ್ಯಾಮಿನಿಂದ ನೀರು ಬಿಟ್ಟಾಗ ಆ ಸೇತುವೆ ಮುಳುಗೋದು ಊರಿನವರಿಗೆಲ್ಲ ಗೊತ್ತಿತ್ತು. ಕಾರು ಓಡಿಸುತ್ತಿದ್ದವರು ತೀರಿಕೊಂಡರು. ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು: ಗೊತ್ತಿಲ್ಲದ ಒಳರಸ್ತೆಗೆ ಕತ್ತಲಾದ ಮೇಲೆ ಇಳಿಯೋ ಹಾಗಿಲ್ಲ. ಹೈವೇ ಬಿಟ್ಟು ತಿರುಗುವ ಮುಂಚೆ ಚಹಾ ಅಂಗಡಿಯಲ್ಲಿ ಒಬ್ಬರನ್ನಾದರೂ ಕೇಳಬೇಕು.

ಕೊನೆಗೆ ಚೋರ್ಲಾ ಅಂತ ತೀರ್ಮಾನ ಆಯಿತು. ಬೆಳಗಾವಿಯಿಂದ ಪಣಜಿಗೆ ಬಸ್ಸುಗಳು ಅಲ್ಲೇ ಇಳಿಯುತ್ತವೆ, ಕಾಕಾನ ಪರೀಕ್ಷೆಯಲ್ಲಿ ಪಾಸು. ಬೆಳಗಾವಿಯಲ್ಲಿ ಹೆಂಡತಿಯ ತವರಿನವರಿದ್ದಾರೆ, ರಾತ್ರಿ ಅಲ್ಲೇ ಇದ್ದು ಬೆಳಕಿನಲ್ಲಿ ಘಾಟ್ ಇಳಿಯಬಹುದು. ಕುಂದಾ ಸಿಗುತ್ತದೆ ಅನ್ನೋದೂ ಒಂದು ಕಾರಣ ಅಂತ ಒಪ್ಪಿಕೊಳ್ಳಲೇಬೇಕು. ಜಾಂಬೋಟಿ ದಾಟಿದ ಮೇಲೆ ಕಣಕುಂಬಿ ಹೊತ್ತಿಗೆ ನೆಟ್‌ವರ್ಕ್ ಕೈಕೊಟ್ಟಿತು. ಟ್ರಾಫಿಕ್ ತೋರಿಸುತ್ತಿದ್ದ ಫೋನು ಸುಮ್ನೆ ನೀಲಿ ಚುಕ್ಕೆ ಇಟ್ಟುಕೊಂಡು ಕೂತಿತು. ಎರಡನೇ ಫೋನು, ಅಂದರೆ ಮಗಳು ಬಿಟ್ಟ ಹಳೇ ಫೋನು, ಆಫ್‌ಲೈನ್ ನಕ್ಷೆಯಲ್ಲಿ ಒಂದೊಂದು ತಿರುವನ್ನೂ ತೋರಿಸುತ್ತಾ ಬಂತು. ಅದರಲ್ಲಿ ಸಿಮ್ಮೇ ಇಲ್ಲ.

ಗೋವಾ ಒಳಗೆ ಹೊಕ್ಕ ಮೇಲೆ ಬೇರೆ ಥರದ ಪರೀಕ್ಷೆ. ಹೈವೇಗಳು ಚೆನ್ನಾಗಿವೆ. ಹಳ್ಳಿ ರಸ್ತೆಗಳ ಎರಡೂ ಪಕ್ಕ ಜಂಬಿಟ್ಟಿಗೆ ಗೋಡೆ, ಗೋಡೆಯಿಂದಲೇ ಮನೆ ಶುರು. ಮಾಪ್ಸಾ ಹತ್ತಿರ ಹಾಗೊಂದು ಕಡೆ ಆ್ಯಪೊಂದು ಎಡಕ್ಕೆ ತಿರುಗಿ ಅಂದಿತು. ನೋಡಿದರೆ ಡಾಂಬರು ಹೊಸದು, ನುಣುಪಾಗಿದೆ. ತಿರುಗಿಸುವ ಮುಂಚೆ ನಿಲ್ಲಿಸಿದೆ, ಯಾಕಂದರೆ ಬಸ್ ಸ್ಟಾಪಿನ ಗುರುತು ಆ ಬೀದಿಯಲ್ಲಿ ಎಲ್ಲೂ ಇರಲಿಲ್ಲ. ಅಲ್ಲಿ ಕಾಂಪೌಂಡ್ ಗೋಡೆಗೆ ಗಾರೆ ಹಾಕುತ್ತಿದ್ದ ಹುಡುಗನೊಬ್ಬ ನಮ್ಮ ಮಾತು ಕೇಳಿ ಕರಣೆ ಕೆಳಗಿಟ್ಟು ಬಂದ.

"ಅಣ್ಣಾರ, ಕನ್ನಡದವ್ರೇನ್ರಿ? ಈ ಕಡೆ ಹೋಗಬ್ಯಾಡ್ರಿ. ಮುಂದ ಶಿಲುಬಿ ಕ್ರಾಸ್ ಐತಿ ನೋಡ್ರಿ, ಅಲ್ಲಿ ಗ್ವಾಡಿ ತಿರುವಿನ್ಯಾಗ ಹೊರಗ ಬಂದೈತಿ. ನಮ್ಮ ಇಟ್ಟಂಗಿ ಟೆಂಪೋನ ಹಿಂದಕ್ಕ ತಗದ್ವಿ."

ಬಾಗಲಕೋಟೆಯ ಹುಡುಗ. ಗೋವಾದಲ್ಲಿ ಕಟ್ಟಡ ಕೆಲಸ ನಡೆಯುವ ಕಡೆ ಕನ್ನಡ ಕಿವಿಗೆ ಬೀಳದೆ ಇರೋದಿಲ್ಲ. ಅವನು ಹೇಳಿದ ಬದಲಿ ದಾರಿ ಕಿಲೋಮೀಟರ್ ಲೆಕ್ಕದಲ್ಲಿ ಉದ್ದ, ಆದರೆ ಮುಂದೊಂದು ಕದಂಬ ಬಸ್ಸು ಹೋಗುತ್ತಿತ್ತು. ಅದರ ಹಿಂದೆಯೇ ಹೋದೆವು. ಆಮೇಲೆ ನಾನು ಕುತೂಹಲಕ್ಕೆ ಬೈಕಿನಲ್ಲಿ ಹೋಗಿ ಆ ಕ್ರಾಸ್ ನೋಡಿ ಬಂದೆ. ಶಿಲುಬೆಯ ಪಕ್ಕದ ಗೋಡೆಯ ಮೂಲೆಯಲ್ಲಿ ಕೆಂಪು ಕಲ್ಲು ಕೆತ್ತಿಹೋಗಿ, ನೀಲಿ, ಬಿಳಿ, ಹಳದಿ ಬಣ್ಣಗಳ ಗೀರು ಇದ್ದವು. ನಮ್ಮ ಗಾಡಿ ಬೂದು ಬಣ್ಣದ್ದು. ಆ ಬಣ್ಣ ಅಲ್ಲಿ ಇರಲಿಲ್ಲ.

ಗೋವಾಕ್ಕೆ ಹೋಗೋರು ಮ್ಯಾಪಿನಲ್ಲಿ ‘ಫೆರ್ರಿ ಬೇಡ’ ಅನ್ನುವ ಆಯ್ಕೆಯನ್ನು ಮೊದಲೇ ಒತ್ತಿಡಿ. ರಾಯಬಂದರ್-ಚೋಡಣ, ಓಲ್ಡ್ ಗೋವಾ-ದಿವಾಡಿ, ಕೇರಿ-ತೆರೆಖೋಲ್ ಹೀಗೆ ಹೊಳೆ ದಾಟಿಸುವ ಸರ್ಕಾರಿ ದೋಣಿಗಳಿವೆ. ಕಾರಿಗೆ ಮಜಾ. ಉದ್ದ ಗಾಡಿಗೆ ತೊಂದರೆ ರ‍್ಯಾಂಪ್‌ನಲ್ಲಿ. ನೀರು ಇಳಿದಾಗ ಇಳಿಜಾರು ಜಾಸ್ತಿಯಾಗಿ ಹಿಂಭಾಗ ನೆಲಕ್ಕೆ ಉಜ್ಜುವ ಹೆದರಿಕೆ. ಇನ್ನೊಂದು ಎಚ್ಚರಿಕೆ: ‘ಗೋವಾ ಏರ್‌ಪೋರ್ಟ್’ ಅಂತ ಬರೀ ಟೈಪ್ ಮಾಡಬೇಡಿ. 2023ರಿಂದ ಉತ್ತರದಲ್ಲಿ ಮೋಪಾ, ದಕ್ಷಿಣದಲ್ಲಿ ದಾಬೋಳಿ, ಎರಡಿವೆ. ಮಗಳನ್ನು ಕರೆತರಲು ಹೋಗುವಾಗ ಪೂರ್ತಿ ಹೆಸರು ಹಾಕಿಯೇ ಹೊರಟೆವು.

ರಾತ್ರಿ ತಂಗುವ ಜಾಗದ್ದು ಬೇರೆಯೇ ಹುಡುಕಾಟ. ಯುರೋಪಿನವರು ಬಳಸುವ ಪಾರ್ಕ್‌ಫೋರ್‌ನೈಟ್, ಜಗತ್ತು ಸುತ್ತುವವರ ಐಓವರ್‌ಲ್ಯಾಂಡರ್ ಎರಡನ್ನೂ ಹಾಕಿ ನೋಡಿದೆ. ಎರಡನೆಯದರಲ್ಲಿ ಗೋವಾದ ಕೆಲವು ಜಾಗ ಸಿಕ್ಕಿದವು, ವಿದೇಶಿಯರು ಬರೆದಿಟ್ಟದ್ದು. ಕೆಲವು ಟಿಪ್ಪಣಿ ಹಳೆಯವು. ಈಗ ಕಡಲ ದಂಡೆಗೆ ಗಾಡಿ ಇಳಿಸೋದು, ಬಯಲಲ್ಲಿ ಅಡುಗೆ ಮಾಡೋದು ಎರಡಕ್ಕೂ ಗೋವಾದಲ್ಲಿ ದಂಡ ಇದೆ. 2022ರಲ್ಲಿ ಪ್ರವಾಸೋದ್ಯಮ ಇಲಾಖೆ ಹೊರಡಿಸಿದ ಆದೇಶದಲ್ಲಿ ಅದು 5,000 ರೂಪಾಯಿಯಿಂದ ಶುರುವಾಗಿ 50,000ದವರೆಗೆ ಇತ್ತು. ಹಾಗಾಗಿ ಹಳೇ ಟಿಪ್ಪಣಿ ನೋಡಿ ದಂಡೆಯಲ್ಲಿ ಒಲೆ ಹಚ್ಚಬೇಡಿ. ನಾವು ಸಣ್ಣ ಹೋಟೆಲಿನವರನ್ನು ಕೇಳಿ, ಅವರಲ್ಲೇ ಊಟ ಮಾಡಿ, ಅಂಗಳದಲ್ಲಿ ಗಾಡಿ ನಿಲ್ಲಿಸಿ ಮಲಗಿದೆವು. ಜಾಗ ಚೆನ್ನಾಗಿದ್ದರೆ ಓಎಸ್‌ಎಂ-ಆ್ಯಂಡ್‌ನಲ್ಲಿ ನಮ್ಮದೇ ನಕ್ಷತ್ರ ಒತ್ತಿಡುತ್ತೇವೆ, ಗೇಟಿನ ಅಗಲ ಸಮೇತ.

ಫೋನ್ ಎಲ್ಲಿ ಕೂರಿಸಬೇಕು ಅನ್ನೋದನ್ನು ಯಾರೂ ಹೇಳೋದಿಲ್ಲ. ಗಾಡಿ ಓಡಿಸುವಾಗ ಫೋನ್ ಬಳಸೋದು ದಾರಿ ನೋಡೋಕೆ ಮಾತ್ರ, ಅದೂ ಗಮನ ತಪ್ಪದ ಹಾಗೆ ಅಂತ 2020ರ ಅಕ್ಟೋಬರಿನಿಂದ ನಿಯಮ ಇದೆ. ಟ್ರಾವೆಲರ್‌ನ ಗಾಜು ದೊಡ್ಡದು, ಮೇ ತಿಂಗಳ ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲಿನ ಫೋನು ಕಾದು ತಾನೇ ಬಂದ್ ಆಗುತ್ತದೆ. ಭಾವ ತಂದ ಮೌಂಟನ್ನು ಎಸಿ ಗಾಳಿ ತಾಗುವ ಹಾಗೆ ಕೆಳಗೆ ಕೂರಿಸಿದ್ದೇವೆ. ಎರಡನೇ ಫೋನು ಹೆಂಡತಿ ಕೈಯಲ್ಲಿ. ಬಾಗಿಲಿನ ಜೇಬಿನಲ್ಲಿ ಒಂದು ರಸ್ತೆ ಅಟ್ಲಾಸ್ ಇದೆ. ಇಡೀ ಸಹ್ಯಾದ್ರಿಯನ್ನು ಒಂದೇ ಪುಟದಲ್ಲಿ ನೋಡಿ ಯಾವ ಘಾಟ್ ಎಲ್ಲಿ ಇಳಿಯುತ್ತೆ ಅಂತ ತಿಳಿಯೋಕೆ ಅಂಗೈಯಗಲದ ಪರದೆ ಸಾಲೋದಿಲ್ಲ.

ಈಗ ನಮ್ಮ ಪದ್ಧತಿ ಹೀಗೆ ನಿಂತಿದೆ: ದಾರಿ ಮತ್ತು ಘಾಟ್ ತೀರ್ಮಾನ ಮನೆಯಲ್ಲಿ, ಓಎಸ್‌ಎಂ-ಆ್ಯಂಡ್ ಮತ್ತು ಅಟ್ಲಾಸ್ ಇಟ್ಟುಕೊಂಡು. ಬಸ್ ಓಡಾಡುತ್ತದಾ ಅಂತ ವಿಚಾರಣೆ. ಹೊರಟ ಮೇಲೆ ಟ್ರಾಫಿಕ್‌ಗೆ ಗೂಗಲ್, ಆದರೆ ಅದು ನಡುವೆ ಹೊಸ ದಾರಿ ತೋರಿಸಿದರೆ ಹೆಂಡತಿ ಎರಡನೇ ಫೋನ್ ನೋಡಿ ಹೂಂ ಅನ್ನುವವರೆಗೆ ತಿರುಗೋ ಹಾಗಿಲ್ಲ. ಊರೊಳಗೆ ಮ್ಯಾಪಲ್ಸ್. ಹೊರಡುವ ಹಿಂದಿನ ರಾತ್ರಿ ವೈಫೈಯಲ್ಲಿ ಮಹಾರಾಷ್ಟ್ರ, ಗೋವಾ, ಕರ್ನಾಟಕದ ನಕ್ಷೆಗಳ ಅಪ್‌ಡೇಟ್. ಭಾವ ಈ ವರ್ಷ ಬಂದಾಗ ಗಾಡಿ ಕೇಳಿದ್ದಾರೆ, ಕೊಂಕಣ ಸುತ್ತಬೇಕಂತೆ. ಕೊಡುತ್ತೇನೆ ಅಂದಿದ್ದೇನೆ. ಕರೂಳ್ ಘಾಟಿನ ಹೊಸ ಕಾಂಕ್ರೀಟ್ ಮೇಲೆ ಎಸ್‌ಟಿ ಓಡುತ್ತಿದೆಯಾ ಅಂತ ಕೇಳೋಕೆ ನಾಳೆ ಬೆಳಗ್ಗೆ ಡಿಪೋಗೆ ಫೋನ್ ಮಾಡಬೇಕು.